ನಿಧಾನದ ಡಬ್ಬಿ

ಡೈಮಂಡ್ ಬಾರ್
17 ಫೆಬ್ರವರಿ 2002

ಗಿರಿ,

ಫೋನಿನಲ್ಲಿ ನಿನ್ನ ಜೊತೆ ಮಾತಾಡಬೇಕೆಂದರೆ ನಾನು ಹೇಳಿದ್ದನ್ನೆಲ್ಲ ವತ್ಸಲಮ್ಮ ನಿನ್ನ ಕಿವಿಗೆ ಕೂಗಬೇಕು. ಕೋವಿಮದ್ದಿನ ವಿಷಯ ಕೂಗಿ ಹೇಳುವಂಥದ್ದಲ್ಲ. ಅದರಲ್ಲೂ ಗೋಪುರಗಳಿಗೆ ವಿಮಾನ ಬಡಿದ ಮೇಲಿನ ಈ ವರ್ಷ, ಅದರಲ್ಲೂ ಕಮರ್ ಪಾಷಾ ಎಂಬ ಹೆಸರಿನವನು. ಆದ್ದರಿಂದ ಕಾಗದವೇ ಗತಿ. ಬೆಂಗಳೂರಿನ ಕಾರ್ಖಾನೆಯ ರೈಫಲ್ ಕ್ಲಬ್ಬಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳೋ ಎಂದು ಇಪ್ಪತ್ತೆಂಟು ವರ್ಷದ ಹಿಂದೆಯೇ ಬಡಕೊಂಡಿದ್ದೆ. ಗಂಡಸಿಗೆ ಹತ್ತಿ ಯಾಕೆ ಎಂದೆ ನೀನು. ಈಗ ಅನುಭವಿಸು.

ನಮ್ಮ ಎರಡು ಪೌಡರಿನ ಪರೀಕ್ಷೆ ಮುಗಿಯಿತು. ಒಂದೇ ಪಿಸ್ತೂಲು, ಒಂದೇ ಬಗೆಯ ಗುಂಡು, ಒಂದೊಂದರಲ್ಲಿ ಐವತ್ತು ತೋಟಾ. ನನ್ನ ಚುರುಕು ಪೌಡರು ಬೇಗ ಉರಿಯುತ್ತದೆ, ಚಿಟಿಕೆಯಷ್ಟು ಸಾಕು, ಕೈಗೆ ಹೊಡೆತ ಕಡಿಮೆ. ನಿನ್ನ ನಿಧಾನದ್ದು ಜಾಸ್ತಿ ಬೇಕು, ಸದ್ದೂ ಜಾಸ್ತಿ, ಆದರೆ ಐವತ್ತು ಗುಂಡೂ ಒಂದು ಅಂಗೈ ಅಗಲದೊಳಗೆ ಬಿದ್ದವು. ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೂ ಗೆದ್ದದ್ದು ನಿನ್ನದೇ. ಎರಡೂ ನೋಡಲು ಒಂದೇ ಥರ, ಕಪ್ಪು ಹೊಟ್ಟಿನ ಹಾಗೆ. ನಿಧಾನದ್ದಕ್ಕೆ ಹಾಕುವ ತೂಕದಲ್ಲಿ ಚುರುಕಿನದನ್ನು ಹಾಕಿದರೆ ಪಿಸ್ತೂಲು ಕೈಯಲ್ಲೇ ಒಡೆಯುತ್ತದೆ. ಅದಕ್ಕೇ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಇಡುತ್ತೇನೆ, ನೀನು ಕಲಿಸಿದ ಹಾಗೆ.

ಈಗೀಗ ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಕೂರುತ್ತೇನೆ. ಮಗ ಕಾಶಿಫನಿಗೆ ಎಲ್ ಸೆಗುಂಡೋದ ರಕ್ಷಣಾ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಆದರೆ ಸರ್ಕಾರದ ಕ್ಲಿಯರೆನ್ಸ್ ಬರಬೇಕು. ಸೂಟು ಹಾಕಿದ ಒಬ್ಬ ಮನುಷ್ಯ ನಮ್ಮ ಬೀದಿಯ ಆರು ಮನೆಗೆ ಹೋಗಿ ನಮ್ಮ ಬಗ್ಗೆ ಕೇಳಿದ್ದಾನೆ. ನಾನು ಮಾಡುತ್ತಿರುವುದರಲ್ಲಿ ಕಾನೂನು ತಪ್ಪಿದ್ದು ಏನೂ ಇಲ್ಲ, ಗೊತ್ತು. ಆದರೂ ಹೊರಗೆ ಕಾರು ನಿಂತ ಸದ್ದಾದರೆ ಕೈ ನಿಲ್ಲುತ್ತದೆ.

ನಿನ್ನ ಡಬ್ಬಿ ವಾಪಸ್ ಬೇಕು ಎಂದಿದ್ದೆಯಲ್ಲ, ಶನಿವಾರ ಪಕ್ಕದ ಮನೆಯ ಜಯಂತ ಸ್ಯಾನ್ ಡಿಯೇಗೊಗೆ ಬರುವಾಗ ಅವನ ಕಾರಿನಲ್ಲಿ ಕಳಿಸುತ್ತೇನೆ. ನಿನ್ನ ಭಾಭಿ ಕನೀಜ್ ಅದೇ ಚೀಲದಲ್ಲಿ ವತ್ಸಲಮ್ಮನಿಗೆ ಏನೇನೋ ಕಟ್ಟುವ ಏರ್ಪಾಡಿನಲ್ಲಿದ್ದಾಳೆ.

ಸೋತವನು,
ಕಮರ್


ಸ್ಯಾನ್ ಡಿಯೇಗೊ
12 ಮಾರ್ಚ್ 2002

ಕಮರ್,

ಅಕ್ಷರ ವತ್ಸಲಾಳದು, ಮಾತು ನನ್ನದು. ಭಾನುವಾರ ಶೂಟಿಂಗ್ ರೇಂಜಿನಲ್ಲಿ ನನ್ನ ಪಿಸ್ತೂಲು ಒಡೆಯಿತು. ಹೊಸ ಪೆಟ್ಟಿಗೆಯ ಮೊದಲನೇ ತೋಟಾ. ಬಲಗೈ ತೋರುಬೆರಳಿನ ತುದಿ ಹೋಯಿತು, ಅಂಗೈಗೆ ಹದಿನೇಳು ಹೊಲಿಗೆ. ಪಕ್ಕದಲ್ಲಿ ನಿಂತಿದ್ದ ನಮ್ರತಾಳ ಕೆನ್ನೆಗೆ ಒಂದು ಚೂರು ಬಡಿದಿದೆ. ಕಣ್ಣಿಗೆ ಎರಡು ಬೆರಳಿನಷ್ಟು ಕೆಳಗೆ.

ಆಸ್ಪತ್ರೆಯವರು ಇಂಥದ್ದಕ್ಕೆಲ್ಲ ಪೊಲೀಸರಿಗೆ ತಿಳಿಸಲೇಬೇಕಂತೆ. ಒಬ್ಬ ಅಧಿಕಾರಿ ಬಂದು, ಪೌಡರು ಎಲ್ಲಿಂದ ಬಂತು, ತೋಟಾ ಯಾರು ಮಾಡಿದ್ದು ಎಂದು ಕೇಳಿದ. ಎಲ್ಲ ನನ್ನದೇ ಎಂದೆ. ನಿಜವೇ ತಾನೆ.

ಬೆರಳು ಹೋದದ್ದಕ್ಕಿಂತ ಮಗಳ ಕೆನ್ನೆ ನೋಡಿದಾಗ ಜೀವ ಹೋಗುತ್ತದೆ. ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದೇ ಒಂದು ತಪ್ಪು ಆಗಿರಲಿಲ್ಲ. ಏನು ಮಾಡಿದೆನೋ ಗೊತ್ತಾಗುತ್ತಿಲ್ಲ.

ಗಿರಿಧರ್


ಡೈಮಂಡ್ ಬಾರ್
15 ಮಾರ್ಚ್ 2002
(ಅಂಚೆಗೆ ಹಾಕದೆ ಇಟ್ಟದ್ದು)

ಗಿರಿ,

ನೀನು ಏನೂ ಮಾಡಿಲ್ಲ. ಮಾಡಿದವರು ನಾವು.

ನಿನ್ನ ಕಾಗದ ಓದಿ ಹೇಳಿದೆ. ಕನೀಜ್ ಅತ್ತಳು. ಅತ್ತು ಮುಗಿದ ಮೇಲೆ ಕೇಳಿದಳು, "ಗಿರಿಭಾಯ್ ಡಬ್ಬಿಗೆ ನಾನು ಹಾಕಿದ್ದು ಸರಿಯಾಗೇ ಇತ್ತಲ್ವಾ?"

"ಯಾವ ಡಬ್ಬಿಗೆ? ಏನು ಹಾಕಿದ್ದೆ?"

"ನೀವು ಖಾಲಿ ಡಬ್ಬಿ ಚೀಲದಲ್ಲಿ ಇಟ್ಟಿದ್ರಿ. ಅವರ ಮನೆಗೆ ಯಾವತ್ತಾದ್ರೂ ಖಾಲಿ ಡಬ್ಬಿ ಕಳ್ಸಿದೀವಾ? ನಿಮ್ ದೊಡ್ಡ ಡಬ್ಬಿಯಿಂದ ಅರ್ಧ ತುಂಬಿಸ್ದೆ. ಎರಡೂ ಒಂದೇ ಥರ ಕಪ್ಪಗಿತ್ತು."

ಗಿರಿ, ನನ್ನ ದೊಡ್ಡ ಡಬ್ಬಿಯಲ್ಲಿದ್ದದ್ದು ಚುರುಕು ಪೌಡರು. ಹೊರಗೆ ನಿನ್ನ ನಿಧಾನದ ಚೀಟಿ, ಒಳಗೆ ನನ್ನ ಚುರುಕು. ನೀನು ಚೀಟಿ ಓದಿ ಸರಿಯಾದ ತೂಕವನ್ನೇ ಹಾಕಿದ್ದೀಯ. ಎರಡು ಮನೆಗಳ ನಡುವೆ ಇಷ್ಟು ವರ್ಷ ಡಬ್ಬಿಗಳು ಓಡಾಡಿವೆ. ವತ್ಸಲಮ್ಮನ ಚಟ್ನಿಪುಡಿ ಡಬ್ಬಿ ನಮ್ಮಲ್ಲಿಂದ ಖರ್ಜೂರ ತುಂಬಿಕೊಂಡು ಹೋಗುತ್ತದೆ, ಮತ್ತೆ ಕೋಡುಬಳೆ ತುಂಬಿಕೊಂಡು ಬರುತ್ತದೆ. ಕನೀಜ್‌ಗೆ ಇದೂ ಒಂದು ಡಬ್ಬಿ. ನಾನು ಬಾಯಿಬಿಟ್ಟು ಅವಳಿಗೆ ಹೇಳಬೇಕಿತ್ತು, ಹೇಳಿರಲಿಲ್ಲ.

ಇದನ್ನು ಈಗಲೇ ಕಳಿಸಬೇಕು. ಆದರೆ ಪೊಲೀಸರು ಮತ್ತೆ ಬಂದರೆ ನೀನು ಸುಳ್ಳು ಹೇಳುವವನಲ್ಲ. ಮುಸ್ಲಿಮರ ಮನೆಯಿಂದ ಬಂದ ಡಬ್ಬಿ, ಮೇಲೊಂದು ಹೆಸರು, ಒಳಗೊಂದು ಮದ್ದು, ಅದರಿಂದ ಒಬ್ಬನ ಬೆರಳು ಹೋಯಿತು. ಕೋಡುಬಳೆ, ಖರ್ಜೂರದ ಕಥೆಯನ್ನು ಆ ಸೂಟಿನವನಿಗೆ ಹೇಳಿದರೆ ನಂಬುತ್ತಾನೆಯೇ? ಕಾಶಿಫನ ಕೆಲಸ ಹೋಗುತ್ತದೆ. ಕನೀಜ್‌ಳನ್ನು ಒಂದು ಕೋಣೆಯಲ್ಲಿ ಕೂರಿಸಿ ಇಂಗ್ಲಿಷಿನಲ್ಲಿ ಕೇಳುತ್ತಾರೆ, ಅವಳು ಹೆದರಿ ಏನಕ್ಕೆ ಹ್ಞೂಂ ಎನ್ನುತ್ತಾಳೋ ದೇವರಿಗೇ ಗೊತ್ತು.

ಕಮರ್


ಡೈಮಂಡ್ ಬಾರ್
16 ಮಾರ್ಚ್ 2002

ಗಿರಿ,

ವಿಷಯ ತಿಳಿದು ನಾವಿಬ್ಬರೂ ನಡುಗಿಹೋದೆವು. ನಮ್ರತಾಳ ಕಣ್ಣು ಉಳಿಯಿತಲ್ಲ, ಅದೇ ದೊಡ್ಡದು.

ಒಂದು ಮಾತು ಕೇಳು. ಆ ಪೆಟ್ಟಿಗೆಯಲ್ಲಿ ಉಳಿದ ತೋಟಾಗಳಲ್ಲಿ ಒಂದನ್ನೂ ಹೊಡೆಯಬೇಡ, ಯಾರಿಗೂ ಕೊಡಬೇಡ, ಬಿಚ್ಚಿಹಾಕಿಬಿಡು. ಆ ಡಬ್ಬಿಯ ಪೌಡರು ಹಳತಾಗಿ ಕೆಟ್ಟಿರಬಹುದು ಎಂದು ನನ್ನ ಅನುಮಾನ. ಅದನ್ನೂ ಇಟ್ಟುಕೊಳ್ಳಬೇಡ. ಗುಲಾಬಿ ಗಿಡಗಳ ಬುಡಕ್ಕೆ ತೆಳ್ಳಗೆ ಎರಚಿ ನೀರು ಹಾಕು, ಗೊಬ್ಬರವಾಗುತ್ತದೆ. ಇವತ್ತೇ ಮಾಡು.

ಬರುವ ವಾರ ಬಂದು ನೋಡುತ್ತೇನೆ.

ಕಮರ್


ಸ್ಯಾನ್ ಡಿಯೇಗೊ
21 ಏಪ್ರಿಲ್ 2002

ಕಮರ್,

ಇದು ನನ್ನದೇ ಕೈ. ನಾಲ್ಕು ಬೆರಳಿನಲ್ಲಿ ಬರೆಯುವುದನ್ನು ಕಲಿಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ಬರುವ ವಾರ ಬರುತ್ತೇನೆ ಎಂದವನು ಐದು ವಾರವಾದರೂ ಬರಲಿಲ್ಲ. ಇರಲಿ. ನೀನು ಹೇಳಿದಂತೆ ಪೌಡರನ್ನು ಗುಲಾಬಿಗೆ ಹಾಕಿದೆ. ಅದಕ್ಕೆ ಮೊದಲು ಉಳಿದ ನಲವತ್ತೊಂಬತ್ತು ತೋಟಾಗಳನ್ನೂ ಒಂದೊಂದಾಗಿ ಬಿಚ್ಚಿ, ನಮ್ರತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೂಗಿದೆ. ನಲವತ್ತೊಂಬತ್ತೂ ಸರಿಯಾದ ತೂಕ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪೌಡರು ಕೆಟ್ಟರೆ ಸೊರಗುತ್ತದೆ, ಹೀಗೆ ಸಿಡಿಯುವುದಿಲ್ಲ. ಅಂದರೆ ಉಳಿಯುವುದು ಒಂದೇ ಉತ್ತರ. ಆ ಮೊದಲನೆಯದಕ್ಕೆ ಮಾತ್ರ ನಾನು ಎರಡು ಸಲ ಸುರಿದಿದ್ದೇನೆ.

ನನಗೆ ಹೆದರಿಕೆಯಾಗುವುದು ಇಲ್ಲಿ. ಈ ಪೌಡರನ್ನು ಎರಡು ಸಲ ಸುರಿದರೆ ತೋಟಾದ ಕೊಳವೆಯ ಬಾಯಿವರೆಗೂ ಬರುತ್ತದೆ, ಯಾರಿಗಾದರೂ ಕಾಣುತ್ತದೆ. ನನಗೆ ಕಾಣಲಿಲ್ಲ. ಕಣ್ಣು ಸರಿಯಾಗಿದೆ ಎಂದು ಕಣ್ಣಿನ ಡಾಕ್ಟರ್ ಹೇಳಿದ. ಹಾಗಾದರೆ ಕಣ್ಣಿನ ಹಿಂದೆ ಇರುವುದು ಸರಿಯಿಲ್ಲ.

ನಮ್ಮಪ್ಪನ ವಿಷಯ ನಿನಗೆ ಗೊತ್ತು. ಮೂವತ್ತೈದು ವರ್ಷ ಪೋಸ್ಟ್‌ಮಾಸ್ಟರ್ ಆಗಿದ್ದವರು ಅರವತ್ತಮೂರಕ್ಕೆ ತಮ್ಮದೇ ಮನೆ ಎಂದುಕೊಂಡು ಪಕ್ಕದ ಮನೆಗೆ ಹೋಗಿ ಊಟಕ್ಕೆ ಕೂತರು. ನನಗೆ ಈಗ ಅರವತ್ತೊಂದು.

ಗಿರಿಧರ್


ಸ್ಯಾನ್ ಡಿಯೇಗೊ
7 ಜುಲೈ 2002

ಕಮರ್,

ಎರಡು ಕಾಗದಕ್ಕೆ ನಿನ್ನ ಉತ್ತರ ಒಂದು ಪೋಸ್ಟ್‌ಕಾರ್ಡು. ಅದರಲ್ಲೂ ಡೈಮಂಡ್ ಬಾರಿನ ಬಿಸಿಲಿನ ವಿಷಯ. ನಿನಗೇನಾಗಿದೆ?

ಮೊನ್ನೆ ನರದ ಡಾಕ್ಟರ ಹತ್ತಿರ ಹೋಗಿದ್ದೆ. ಐದು ಪದ ಹೇಳಿ, ಹತ್ತು ನಿಮಿಷದ ಮೇಲೆ ವಾಪಸ್ ಕೇಳಿದರು. ಗಡಿಯಾರದ ಚಿತ್ರ ಬರೆಸಿದರು. ನಾಲ್ಕು ಪದ ಹೇಳಿದೆ, ಐದನೆಯದಕ್ಕೆ ಬೆವರು ಬಂತು. ಈ ವಯಸ್ಸಿಗೆ ನಾಲ್ಕು ಸಾಕು, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಅವರಿಗೇನು, ಆರು ತಿಂಗಳು ಕಾಯಬೇಕಾದವನು ನಾನು.

ಬೆಳಗ್ಗೆ ಎದ್ದ ಕೂಡಲೇ ಪರೀಕ್ಷೆ ಶುರು. ವತ್ಸಲಾಳ ತಂಗಿಯ ಹೆಸರೇನು, ನಿನ್ನೆ ಸಾರು ಯಾವುದು, ಒಲೆ ಆರಿಸಿದೆನೋ ಇಲ್ಲವೋ. ಎದ್ದು ಹೋಗಿ ನೋಡುತ್ತೇನೆ, ಆರಿಸಿರುತ್ತೇನೆ. ಬಂದು ಕೂತು ಮತ್ತೆ ಹೋಗುತ್ತೇನೆ. ಕಾರಿನ ಕೀಲಿ ನಾನೇ ನಮ್ರತಾಳಿಗೆ ಕೊಟ್ಟುಬಿಟ್ಟೆ. ಅವಳು ಬಾಡಿಗೆ ಮನೆ ಬಿಟ್ಟು ನಮ್ಮಲ್ಲಿಗೇ ಬಂದಿದ್ದಾಳೆ. ಕೆನ್ನೆಯ ಗಾಯ ಮಾಗಿದೆ, ಆದರೆ ಗೆರೆ ಹೋಗುವುದಿಲ್ಲ.

ನೀನು ಕಾರ್ಖಾನೆಯ ಟೂಲ್‌ರೂಮಿನಲ್ಲಿ ನನ್ನ ಪಕ್ಕದ ಲೇತಿನಲ್ಲಿ ಒಂಬತ್ತು ವರ್ಷ ನಿಂತವನು. ನನ್ನ ಕೈಯನ್ನು ನಿನ್ನಷ್ಟು ಬಲ್ಲವರು ಇಲ್ಲ. ಮುಚ್ಚುಮರೆಯಿಲ್ಲದೆ ಹೇಳು. ನಾನು ಎರಡು ಸಲ ಸುರಿದಿರಬಹುದೇ?

ಗಿರಿಧರ್


ಡೈಮಂಡ್ ಬಾರ್
19 ಜುಲೈ 2002

ಗಿರಿ,

ಒಂದು ಸಲ ಯಾರಿಗಾದರೂ ಆಗುತ್ತದೆ. ಅದನ್ನೇ ತಲೆಗೆ ಹಚ್ಚಿಕೊಳ್ಳಬೇಡ. ನಾಲ್ಕು ಪದ ಬಹಳ ಆಯಿತು, ನನಗೆ ಎರಡೂ ಬರುವುದಿಲ್ಲ.

ಇಲ್ಲಿ ಕೆಲಸ ಜಾಸ್ತಿ. ಕಾಶಿಫನದು ಇನ್ನೂ ಬಂದಿಲ್ಲ.

ಕಮರ್


ಸ್ಯಾನ್ ಡಿಯೇಗೊ
29 ಸೆಪ್ಟೆಂಬರ್ 2002

ಕಮರ್,

ತೋಟಾ ಒತ್ತುವ ಪ್ರೆಸ್ಸು, ತಕ್ಕಡಿ, ಎಲ್ಲವನ್ನೂ ರೇಂಜಿನ ಒಬ್ಬ ಹುಡುಗನಿಗೆ ಕೊಟ್ಟೆ. ಕೆಲಸಕ್ಕೂ ರಾಜೀನಾಮೆ ಕೊಟ್ಟಿದ್ದೇನೆ. ಸೆಲ್ ಟವರಿನ ಲೆಕ್ಕದಲ್ಲಿ ನಾನು ತಪ್ಪಿದರೆ ಯಾರದೋ ತುರ್ತು ಕರೆ ಹೋಗುವುದಿಲ್ಲ. ಅವರು ಬೇಡ ಎಂದರು. ನಾನೇ ಕೇಳಲಿಲ್ಲ.

ನಿನಗೆ ನನ್ನ ಕಾಗದ ಕಂಡರೆ ಭಯವೇ? ಕಾಯಿಲೆ ಅಂಟುತ್ತದೆ ಎಂದೇ? ಅಪ್ಪನ ಸ್ನೇಹಿತರೂ ಹೀಗೇ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ನಿನ್ನ ಮೇಲೆ ಕೋಪವಿಲ್ಲ. ಇನ್ನು ಮೇಲೆ ಬರೆದು ತೊಂದರೆ ಕೊಡುವುದಿಲ್ಲ.

ಗಿರಿಧರ್


ಡೈಮಂಡ್ ಬಾರ್
20 ಅಕ್ಟೋಬರ್ 2002

ಗಿರಿ,

ಇದರ ಜೊತೆಗಿರುವ ಇನ್ನೊಂದು ಹಾಳೆಯನ್ನು ಮೊದಲು ಓದು. ಮಾರ್ಚ್ 15ರಂದು ಬರೆದದ್ದು, ಅಂಚೆಗೆ ಹಾಕಲಿಲ್ಲ. ಓದಿದೆಯಾ? ನೀನು ಎರಡು ಸಲ ಸುರಿಯಲಿಲ್ಲ. ನಿನ್ನ ಕೈ ಸರಿಯಾಗಿತ್ತು, ಕಣ್ಣು ಸರಿಯಾಗಿತ್ತು, ತಲೆಯೂ ಸರಿಯಾಗಿತ್ತು. ಡಬ್ಬಿಯಲ್ಲಿದ್ದದ್ದು ನನ್ನ ಪೌಡರು.

ಗುಲಾಬಿಗೆ ಹಾಕು ಎಂದದ್ದು ನಿನ್ನ ಒಳ್ಳೆಯದಕ್ಕಷ್ಟೇ ಅಲ್ಲ. ಯಾರಾದರೂ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ ಎಂದು. ನಿನ್ನ ಕೈಯಿಂದಲೇ ಸಾಕ್ಷಿ ಅಳಿಸಿದೆ.

ಕಾಶಿಫನ ಕ್ಲಿಯರೆನ್ಸ್ ಮಂಗಳವಾರ ಬಂತು. ಇವತ್ತು ಭಾನುವಾರ. ಅದು ಬರದಿದ್ದರೆ ಈ ಕಾಗದವೂ ಬರುತ್ತಿರಲಿಲ್ಲ, ನಿನಗೆ ಸುಳ್ಳು ಹೇಳಲಾರೆ. ಮಗನ ಕೆಲಸ ಒಂದು ಕಡೆ, ನಿನ್ನ ಬುದ್ಧಿ ಒಂದು ಕಡೆ ಇಟ್ಟು ತೂಗಿದೆ, ಏಳು ತಿಂಗಳು ಮಗನ ಕಡೆಯೇ ನಿಂತೆ. ನಿನ್ನ ಕಾಗದ ಬಂದಾಗಲೆಲ್ಲ ಕನೀಜ್ ಹೊದ್ದು ಮಲಗುತ್ತಿದ್ದಳು. ಅವಳು ಮೊದಲ ದಿನವೇ ಹೇಳೋಣ ಎಂದಳು. ಬೇಡ ಎಂದವನು ನಾನು.

ಕ್ಷಮಿಸು ಎಂದು ಕೇಳುವ ಮುಖವಿಲ್ಲ. ಪೊಲೀಸರಿಗೆ ಹೇಳುವುದಾದರೆ ಹೇಳು, ನಾನೇ ಬಂದು ನಿಲ್ಲುತ್ತೇನೆ.

ಕಮರ್


ಸ್ಯಾನ್ ಡಿಯೇಗೊ
27 ಅಕ್ಟೋಬರ್ 2002

ಲೋ ಹೇಡಿ,

ಮುಂಡೇಗಂಡ. ಗೂಬೆ. ವತ್ಸಲಾ ಬರೆಯಬೇಡಿ ಎಂದ ಇನ್ನೂ ನಾಲ್ಕು ಪದ ಇವೆ, ಅವನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಏಳು ತಿಂಗಳು ನಾನು ಒಲೆ ಆರಿಸಿದೆನೇ ಎಂದು ದಿನಕ್ಕೆ ಇಪ್ಪತ್ತು ಸಲ ಎದ್ದಿದ್ದೇನೆ. ಕೆಲಸ ಬಿಟ್ಟೆ. ನೀನು ಬಿಸಿಲಿನ ವಿಷಯ ಬರೆದೆ.

ಡಬ್ಬಿ ಅರ್ಧ ತುಂಬಿಕೊಂಡು ಬಂದಾಗ, ಕಮರ್ ನನಗೆಂದು ಉಳಿಸಿ ಕಳಿಸಿದ್ದಾನೆ ಎಂದುಕೊಂಡೆ. ನೋಡು, ನಿನ್ನನ್ನು ಒಳ್ಳೆಯವನು ಎಂದುಕೊಂಡದ್ದೇ ನನ್ನ ತಪ್ಪು.

ಕಾಗದ ಓದಿದ ಮೇಲೆ ಒಂದು ಗಂಟೆ ನಿನ್ನನ್ನು ಬೈದೆ. ಆಮೇಲೆ ಅತ್ತೆ. ಆಮೇಲೆ ಮಲಗಿ ಹನ್ನೊಂದು ಗಂಟೆ ನಿದ್ದೆ ಮಾಡಿದೆ. ನನ್ನ ತಲೆ ನನ್ನದೇ ಆಗಿದೆ ಕಮರ್. ಬೆರಳು ಹೋಗಲಿ, ತಲೆಯನ್ನು ನೀನು ವಾಪಸ್ ಕೊಟ್ಟೆ.

ನಿನ್ನ ಎರಡೂ ಹಾಳೆಗಳನ್ನು ಹರಿದು ಸಿಂಕಿನ ಕಸ ಅರೆಯುವ ಮಷೀನಿಗೆ ಹಾಕಿ ನೀರು ಬಿಟ್ಟೆ. ಅದರಲ್ಲಿ ಕಾಶಿಫನ ಹೆಸರಿತ್ತು. ಮಗುವಿನ ಕೆಲಸಕ್ಕೆ ಕಲ್ಲು ಹಾಕಲು ನಾನೇನು ನಿನ್ನ ಹಾಗೆಯೇ? ಭಾಭಿಗೆ ಹೇಳು, ಹೊದ್ದು ಮಲಗುವುದು ಬೇಡ.

ಗಿರಿ


ಸ್ಯಾನ್ ಡಿಯೇಗೊ
23 ಫೆಬ್ರವರಿ 2003

ಕಮರ್ ಅವರಿಗೆ,

ವತ್ಸಲಾ ಬರೆಯುತ್ತಿದ್ದೇನೆ. ಇವರಿಗೆ ಹೇಳಿಲ್ಲ.

ಆರು ತಿಂಗಳ ನಂತರದ ಪರೀಕ್ಷೆಗೆ ಹೋಗುವುದೇ ಬೇಡ ಎಂದು ಹಟ ಮಾಡಿದರು, ನಮ್ರತಾ ಎಳೆದುಕೊಂಡು ಹೋದಳು. ಐದರಲ್ಲಿ ಒಂದು ಪದ ಹೇಳಿದರು. ಸ್ಕ್ಯಾನ್ ಆಯಿತು. ಅವರ ತಂದೆಗೆ ಬಂದ ಮರೆವಿನ ಕಾಯಿಲೆಯೇ ಇವರಿಗೂ ಶುರುವಾಗಿದೆಯಂತೆ. ಪಿಸ್ತೂಲು ಒಡೆದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ನಿಮ್ಮನ್ನು ಬೈಯುವ ಕಾಲದಲ್ಲಿ ಬೈದಾಯಿತು, ಈಗ ಅದಕ್ಕಾಗಿ ಬರೆಯುತ್ತಿಲ್ಲ.

ಹದಿನೈದು ದಿನದಿಂದ ಮತ್ತೆ ಹಳೆಯದು ಶುರುವಾಗಿದೆ. ಬೆಳಗ್ಗೆ ನಮ್ರತಾಳ ಕೆನ್ನೆ ನೋಡುತ್ತಾರೆ. "ನಾನು ಎರಡು ಸಲ ಸುರಿದೆ ಕಣೇ. ಮಗಳ ಕಣ್ಣು ತೆಗೀತಿದ್ದೆ" ಎನ್ನುತ್ತಾರೆ. ಕಮರ್ ಕಾಗದ ಬರೆದಿದ್ದರಲ್ಲ, ತಪ್ಪು ನಿಮ್ಮದಲ್ಲ ಎಂದರೆ, "ಸಮಾಧಾನಕ್ಕೆ ಹೇಳ್ತೀಯ. ಎಲ್ಲಿ, ತೋರಿಸು" ಎನ್ನುತ್ತಾರೆ. ತೋರಿಸಲು ಏನಿದೆ? ಹರಿದುಹಾಕಿದ್ದಾರೆ. ದಿನವಿಡೀ ಮೂಲೆಯಲ್ಲಿ ಕೈ ಮುಚ್ಚಿಕೊಂಡು ಕೂರುತ್ತಾರೆ. ನೋಡಲಾಗುವುದಿಲ್ಲ.

ನಿಮ್ಮ ಅಕ್ಷರ ಕಂಡರೆ ಈಗಲೂ ಗುರುತು ಹಿಡಿಯುತ್ತಾರೆ. ಇನ್ನೊಂದು ಸಲ ಬರೆಯಿರಿ. ದಯವಿಟ್ಟು ಕಾಶಿಫನ ಹೆಸರು ಬಿಟ್ಟು ಬರೆಯಿರಿ, ಹರಿಯದಿರಲಿ.

ವತ್ಸಲಾ


ಡೈಮಂಡ್ ಬಾರ್
1 ಮಾರ್ಚ್ 2003

ವತ್ಸಲಮ್ಮ,

ಕಾಗದ ಬೇರೆ ಲಕೋಟೆಯಲ್ಲಿದೆ. ಕಾಶಿಫನ ಹೆಸರು ಬಿಟ್ಟು ಬರೆದು ನೋಡಿದೆ. ಆಗ ಗಿರಿ ಕೇಳುವ ಮೊದಲ ಪ್ರಶ್ನೆ, ಹಾಗಾದರೆ ಯಾಕೋ ಸುಮ್ಮನಿದ್ದೆ ಎಂದು. ಅದಕ್ಕೆ ಬೇರೆ ಸುಳ್ಳು ಹುಡುಕಬೇಕು. ಅವನಿಗೆ ಇನ್ನೊಂದು ಸುಳ್ಳು ಬರೆಯಲು ನನ್ನಿಂದ ಆಗುವುದಿಲ್ಲ. ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದೇನೆ.

ಕನೀಜ್ ಸಲಾಮ್ ಹೇಳಿದ್ದಾಳೆ.

ಕಮರ್


ಸ್ಯಾನ್ ಡಿಯೇಗೊ
17 ಆಗಸ್ಟ್ 2003

ಕಮರ್ ಅವರಿಗೆ,

ಮಾರ್ಚಿನದನ್ನೂ ಹರಿದರು, ಜೂನಿನದನ್ನೂ ಹರಿದರು. ಓದುತ್ತಾರೆ, ಮನೆ ಅದುರುವ ಹಾಗೆ ನಿಮ್ಮನ್ನು ಬೈಯುತ್ತಾರೆ, ಆಮೇಲೆ "ಕಾಶಿಫನ ಹೆಸರಿದೆ, ಯಾರ ಕೈಗಾದರೂ ಸಿಕ್ಕರೆ ಕಷ್ಟ" ಎಂದು ಸಿಂಕಿಗೆ ಹಾಕುತ್ತಾರೆ. ಈ ಸಲ ನಾನು ಮೊದಲೇ ಝೆರಾಕ್ಸ್ ಮಾಡಿಸಿ ಇಟ್ಟಿದ್ದೆ. ತೋರಿಸಿದರೆ ತಾರೀಖು ನೋಡಿ, ಇಷ್ಟು ದಿನ ನನ್ನಿಂದ ಯಾಕೆ ಮುಚ್ಚಿಟ್ಟೆ ಎಂದು ನನ್ನ ಮೇಲೆಯೇ ಅನುಮಾನಪಟ್ಟು ಎರಡು ದಿನ ಊಟ ಬಿಟ್ಟರು. ಹಳೆಯ ಕಾಗದ ಆಗುವುದಿಲ್ಲ. ಆ ವಾರದ ತಾರೀಖಿನ ಹೊಸ ಕಾಗದವೇ ಬೇಕು.

ಓದಿದ ದಿನ ಚೆನ್ನಾಗಿ ನಿದ್ದೆ ಮಾಡುತ್ತಾರೆ. ಮೊದಲು ಒಂದು ಕಾಗದ ಮೂರು ತಿಂಗಳು ಸಾಕಾಗುತ್ತಿತ್ತು. ಈಗ ಒಂದು ತಿಂಗಳು.

ವತ್ಸಲಾ


ಡೈಮಂಡ್ ಬಾರ್
5 ಸೆಪ್ಟೆಂಬರ್ 2004

ಗಿರಿ,

ಇಷ್ಟು ದಿನ ನಿನಗೆ ಹೇಳದ ಒಂದು ವಿಷಯವಿದೆ. ಕೂತುಕೊಂಡು ಓದು.

ನಿನ್ನ ಪಿಸ್ತೂಲು ಒಡೆದದ್ದು ನಿನ್ನ ತಪ್ಪಿನಿಂದಲ್ಲ. ನೀನು ಎರಡು ಸಲ ಸುರಿಯಲಿಲ್ಲ. ನಾನು ವಾಪಸ್ ಕಳಿಸಿದ ನಿನ್ನ ಡಬ್ಬಿ ಖಾಲಿಯಾಗಿತ್ತು. ಖಾಲಿ ಡಬ್ಬಿ ಕಳಿಸಬಾರದೆಂದು ಕನೀಜ್ ಅದಕ್ಕೆ ನನ್ನ ಚುರುಕು ಪೌಡರು ತುಂಬಿಸಿದಳು. ಅವಳಿಗೆ ಗೊತ್ತಿರಲಿಲ್ಲ. ನನಗೆ ಐದು ದಿನದಲ್ಲಿ ಗೊತ್ತಾಯಿತು. ಕಾಶಿಫನ ಕೆಲಸ ಹೋಗುತ್ತದೆಂದು ಹೆದರಿ ನಿನಗೆ ಹೇಳಲಿಲ್ಲ. ನಿನ್ನ ತಲೆ ಕೆಟ್ಟಿದೆ ಎಂದು ನೀನು ಅಂದುಕೊಳ್ಳುವುದನ್ನು ನೋಡುತ್ತ ಸುಮ್ಮನಿದ್ದೆ.

ನಮ್ರತಾಳ ಕೆನ್ನೆಯ ಗೆರೆ ನನ್ನಿಂದ ಆದದ್ದು. ಅದನ್ನು ನೋಡಿದಾಗ ನನ್ನನ್ನು ಬೈ, ನಿನ್ನನ್ನಲ್ಲ.

ಈ ಕಾಗದ ಸಿಕ್ಕ ದಿನವೇ ಉತ್ತರ ಬರೆ. ಬಾಯಿಗೆ ಬಂದದ್ದನ್ನೆಲ್ಲ ಬರೆ, ವತ್ಸಲಮ್ಮ ಬೇಡ ಎಂದದ್ದನ್ನೂ ಬಿಡಬೇಡ. ಅವರ ಕೈಯಲ್ಲಿ ಬರೆಸಬೇಡ, ನಿನ್ನ ಅಕ್ಷರದಲ್ಲೇ ಬೇಕು. ಹೋದ ತಿಂಗಳು ನಿನ್ನ ಬೈಗುಳ ಬರಲಿಲ್ಲ. ನನಗೆ ತುಂಬಾ ಹೆದರಿಕೆಯಾಗಿದೆ.

ಕಮರ್